ಕಡಲ ತಳದ ಉಳುಮೆ

ಈ ಲೇಖನದ ತಲೆಬರಹವನ್ನು ಕಂಡು ನಗುವ ಸ್ನೇಹಿತರು ನಮ್ಮ ಕಾಲೇಜಿನಲ್ಲಿ ಬಹಳ ಮಂದಿ ಇದ್ದಾರೆಂಬುದನ್ನು ಬಲ್ಲೆ. ಯಾದಗಿರಿ ಸೀಮೆಯವನಿಗೂ ಕಡಲಿಗೂ ಏನು ಸಂಬಂಧವೆಂದು ಅವರು ಕೇಳಿದರೆ ತಪ್ಪಿಲ್ಲ. ಮಳೆ ಬಂದರೆ ತೊಗರಿ, ಕೈಕೊಟ್ಟರೆ ಗುಳೆ; ನಮ್ಮ ಬಾಳಿನ ಭೂಗೋಳಶಾಸ್ತ್ರವೆಲ್ಲ ಇಷ್ಟರಲ್ಲೇ ಮುಗಿಯುತ್ತದೆ. ನನ್ನ ಊರಿನ ಹೆಸರು ರಾಮಸಮುದ್ರ. ಕೆರೆಗೆ ಸಮುದ್ರವೆಂದೋ ಸಾಗರವೆಂದೋ ಹೆಸರಿಡುವುದು ಕನ್ನಡ ನಾಡಿನ ಹಳೆಯ ರೂಢಿ; ಹೊಯ್ಸಳರ ರಾಜಧಾನಿಯೇ ದೋರಸಮುದ್ರವಾಗಿತ್ತು. ನೀರಿನ ಆಸೆ ಎಷ್ಟು ದೊಡ್ಡದಾಗಿತ್ತೋ ಇಟ್ಟ ಹೆಸರೂ ಅಷ್ಟೇ ದೊಡ್ಡದಾಯಿತೆಂದು ತೋರುತ್ತದೆ.

ಹೆಸರಿನ ಸಮುದ್ರದ ಮಾತು ಹಾಗಿರಲಿ. ನಿಜವಾದ ಸಮುದ್ರವೂ ನಮ್ಮ ಮನೆಯೊಳಕ್ಕೆ ಬಂದಿದೆ. ಅದು ಬಂದುದು ನನ್ನ ಅಣ್ಣನ ದುಡಿಮೆಯ ರೂಪದಲ್ಲಿ. ಅಣ್ಣ ಏಳನೆಯ ಇಯತ್ತೆಗೆ ಶಾಲೆ ಬಿಟ್ಟ. ಇಬ್ಬರನ್ನೂ ಓದಿಸುವ ಶಕ್ತಿ ನಾಲ್ಕು ಎಕರೆ ಹೊಲಕ್ಕಿರಲಿಲ್ಲ. ಮೊದಲು ಮಂಗಳೂರಿಗೆ ಕಟ್ಟಡದ ಕೆಲಸಕ್ಕೆಂದು ಹೋದವನು, ತರುವಾಯ ಮಲ್ಪೆಯ ಬಂದರಿನಲ್ಲಿ ಮೀನಿನ ಬುಟ್ಟಿ ಹೊತ್ತು, ಕಡೆಗೆ ಟ್ರಾಲ್ ಬೋಟಿನಲ್ಲಿ ಕಲಾಸಿಯಾಗಿ ನಿಂತ. ನಮ್ಮ ವಂಶದಲ್ಲಿ ಪದವಿಯ ಪರೀಕ್ಷೆಗೆ ಕುಳಿತುಕೊಳ್ಳುವವನು ನಾನೇ ಮೊದಲಿಗನು. ನನ್ನ ಪುಸ್ತಕಗಳು, ಪರೀಕ್ಷೆಯ ಶುಲ್ಕ, ಬಸ್ಸಿನ ಪಾಸು, ಎಲ್ಲವೂ ಅರಬ್ಬೀ ಸಮುದ್ರದ ತಳದಿಂದಲೇ ಎದ್ದು ಬಂದಂಥವು. ಈ ಮಾತು ಅಲಂಕಾರಕ್ಕಾಗಿ ಹೇಳಿದುದಲ್ಲ. ಟ್ರಾಲ್ ಬಲೆಯು ಮೀನು ಹಿಡಿಯುವುದು ಸಮುದ್ರದ ತಳವನ್ನು ಕೆರೆದೇ.

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಂತ್ರದ ದೋಣಿಗಳು ಮೀನು ಹಿಡಿಯಕೂಡದೆಂಬ ನಿಷೇಧವಿದೆ. ಅದು ಮೀನು ಮರಿಮಾಡುವ ಕಾಲ, ಸಮುದ್ರವೂ ಹುಚ್ಚೆದ್ದಿರುತ್ತದೆ. ಆ ಎರಡು ತಿಂಗಳು ಅಣ್ಣ ಊರಿಗೆ ಬರುತ್ತಾನೆ. ನಮ್ಮಲ್ಲಿ ಅದೇ ಮುಂಗಾರಿನ ಬಿತ್ತನೆಯ ಹೊತ್ತು. ಹೀಗಾಗಿ ಸಮುದ್ರಕ್ಕೆ ರಜೆ ಬಂದಾಗ ಅವನು ಹೊಲ ಹರಗುತ್ತಾನೆ, ಹೊಲದ ಕೆಲಸ ಮುಗಿಯುವಷ್ಟರಲ್ಲಿ ಸಮುದ್ರಕ್ಕೆ ಹಿಂದಿರುಗುತ್ತಾನೆ. ಹತ್ತು ತಿಂಗಳು ಒಂದು ನೆಲ, ಎರಡು ತಿಂಗಳು ಇನ್ನೊಂದು ನೆಲ.

ಕಳೆದ ಜುಲೈ ತಿಂಗಳಲ್ಲಿ ಕಳೆ ತೆಗೆಯುವ ಕೆಲಸದ ನಡುವೆ ಬದುವಿನ ಮೇಲೆ ಕುಳಿತಿದ್ದಾಗ ಅಣ್ಣ ಒಂದು ಮಾತು ತೆಗೆದ. ಹಳೆಯ ಟ್ರಾಲ್ ಬೋಟೊಂದರಲ್ಲಿ ಪಾಲು ಬಿಡುವವರಿದ್ದಾರೆ. ಒಂದು ಎಕರೆ ಮಾರಿದರೆ ಸಣ್ಣದೊಂದು ಪಾಲು ಸಿಗುತ್ತದೆ. ಎಷ್ಟು ವರ್ಷ ಕಲಾಸಿಯಾಗಿಯೇ ಇರುವುದು? ಅಪ್ಪ ಏನೂ ಹೇಳಲಿಲ್ಲ. ಅಣ್ಣನೇ ನನ್ನ ಕಡೆ ತಿರುಗಿ, “ತಮ್ಮಾ, ನೀ ಓದಿದಾಂವ ಇದ್ದಿ. ಮಾಡಬೇಕೋ ಬ್ಯಾಡೋ ಓದಿ ಹೇಳು. ಬರೂ ಜೂನ್‌ದಾಗ ಅವರಿಗೆ ಮಾತು ಕೊಡಬೇಕಾಗ್ಯಾದ” ಎಂದ.

ಪದವಿ ಮುಗಿಯುವುದಕ್ಕೆ ಮೊದಲೇ ಮನೆಯವರು ನನ್ನನ್ನು ಕೇಳಿದ ಮೊದಲ ಪ್ರಶ್ನೆಯಿದು. ಇದಕ್ಕೆ ಪಠ್ಯಪುಸ್ತಕದಲ್ಲಿ ಉತ್ತರವಿರಲಿಲ್ಲ. ಈ ವರ್ಷವೆಲ್ಲ ಓದಿದುದನ್ನೂ ಅಣ್ಣನಿಂದ ದೂರವಾಣಿಯಲ್ಲಿ ಕೇಳಿ ತಿಳಿದುದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಅಧ್ಯಾಪಕ ಮಹಾಶಯರೂ ಸಹಪಾಠಿಗಳೂ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ಮೊದಲು ಬಲೆಯ ವಿಚಾರ. ಟ್ರಾಲ್ ಬಲೆಯೆಂದರೆ ದೊಡ್ಡದೊಂದು ಚೀಲ. ಬಾಯಿ ಅಗಲ, ಹಿಂಬದಿ ಕಿರಿದು. ಬಾಯಿಯ ಎಡಬಲದಲ್ಲಿ ಭಾರವಾದ ಎರಡು ಹಲಗೆಗಳನ್ನು ಕಟ್ಟಿರುತ್ತಾರೆ. ದೋಣಿ ಮುಂದಕ್ಕೆಳೆದಂತೆ ನೀರಿನ ಒತ್ತಡದಿಂದ ಈ ಹಲಗೆಗಳು ಒಂದರಿಂದೊಂದು ದೂರ ಸರಿದು ಬಲೆಯ ಬಾಯಿಯನ್ನು ತೆರೆದು ಹಿಡಿಯುತ್ತವೆ. ಬಾಯಿಯ ಮೇಲಿನ ಹಗ್ಗಕ್ಕೆ ತೇಲುಗುಂಡುಗಳು, ಕೆಳಗಿನ ಹಗ್ಗಕ್ಕೆ ಕಬ್ಬಿಣದ ಸರಪಳಿ ಮೊದಲಾದ ಭಾರಗಳು. ಹಲಗೆಗಳು ತಳದ ಕೆಸರಿನಲ್ಲಿ ಸಾಲು ಕೊರೆಯುತ್ತವೆ. ಸರಪಳಿ ಮೇಲ್ಪದರವನ್ನು ಸವರಿಕೊಂಡು ಹೋಗುತ್ತದೆ. ಕೆಸರಿನಲ್ಲಿ ಅಡಗಿದ್ದ ಸಿಗಡಿ, ನಂಗುಗಳು ಬೆದರಿ ಮೇಲೆದ್ದು ಚೀಲದೊಳಗೆ ಬೀಳುತ್ತವೆ. ಅಣ್ಣ ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ: “ಹಲಗಿ ಅಂದ್ರ ರಂಟಿ, ಸರಪಳಿ ಅಂದ್ರ ಕುಂಟಿ, ತಿಳಕೋ.”

ಆತನ ಉಪಮೆಯನ್ನೇ ಹಿಡಿದು ಒಂದು ಲೆಕ್ಕ ಮಾಡಿದೆ. ಬಲೆಯೆಳೆಯುವಾಗ ದೋಣಿ ಗಂಟೆಗೆ 5 ಕಿಲೋಮೀಟರಿನಂತೆ ಸಾಗುವುದೆಂದೂ ಒಂದು ಸಲ ಬಿಟ್ಟ ಬಲೆಯನ್ನು 3 ಗಂಟೆ ಎಳೆಯುವರೆಂದೂ ಎರಡು ಹಲಗೆಗಳ ನಡುವೆ 20 ಮೀಟರ್ ಅಗಲವೆಂದೂ ಇಟ್ಟುಕೊಳ್ಳೋಣ. ಹಾಗಾದರೆ ಒಂದೇ ಎಳೆತಕ್ಕೆ 3 ಲಕ್ಷ ಚದರ ಮೀಟರ್, ಅಂದರೆ ಸುಮಾರು 74 ಎಕರೆ ನೆಲ ಹರಗಿದಂತಾಯಿತು. ದಿನಕ್ಕೆ ನಾಲ್ಕು ಎಳೆತವಾದರೆ 300 ಎಕರೆಗೆ ಸಮೀಪ. ಹತ್ತು ದಿನದ ಒಂದು ಪ್ರಯಾಣಕ್ಕೆ ಸುಮಾರು 3,000 ಎಕರೆ. ನಮ್ಮ ಅಪ್ಪ ಜೀವಮಾನವೆಲ್ಲ ಹರಗಿದುದು ನಾಲ್ಕು ಎಕರೆ. ಅಣ್ಣ ಕೆಲಸಮಾಡುವ ಒಂದೇ ದೋಣಿ ಒಂದೇ ಹಗಲುರಾತ್ರಿಯಲ್ಲಿ ಅದರ ಎಪ್ಪತ್ತು ಪಾಲಿಗಿಂತ ಹೆಚ್ಚು ಹರಗುತ್ತದೆ. ಇಂತಹ ದೋಣಿಗಳು ಮಲ್ಪೆ, ಮಂಗಳೂರು, ಗಂಗೊಳ್ಳಿ, ಕಾರವಾರಗಳಿಂದ ಹೊರಡುವುದು ಒಂದೆರಡಲ್ಲ.

ಹಾಗೆ ಹರಗುವ ನೆಲವಾದರೂ ಎಂತಹುದು? ಶಾಲೆಯಲ್ಲಿ ಓದುವಾಗ ಸಮುದ್ರದ ತಳವೆಂದರೆ ನಿರ್ಜೀವವಾದ ಹಾಸೆಂದು ನಾನು ಊಹಿಸಿಕೊಂಡಿದ್ದೆ. ಬಹಳ ಜನ ಈಗಲೂ ಹಾಗೆಯೇ ತಿಳಿದಿರುವರು. ನಮ್ಮ ಪಶ್ಚಿಮ ಕರಾವಳಿಯಲ್ಲಿ ದಡಕ್ಕೆ ಸಮೀಪದ ತಳವು ಬಹುಮಟ್ಟಿಗೆ ನುಣುಪಾದ ಮೆಕ್ಕಲು. ಹೆಚ್ಚು ಆಳಕ್ಕೆ ಹೋದಂತೆ ಹಳೆಯ ಕಾಲದ ಮರಳು. ಈ ಮೆಕ್ಕಲು ಘಟ್ಟದ ಮೇಲಿನಿಂದ ನೇತ್ರಾವತಿ, ಶರಾವತಿ, ಕಾಳಿ ಮೊದಲಾದ ನದಿಗಳು ತಂದು ಸುರಿದದ್ದು. ನಮ್ಮ ಕಡೆಯ ಮಣ್ಣೂ ಸಮುದ್ರಕ್ಕೇ ಹೋಗುವುದು, ದಿಕ್ಕು ಮಾತ್ರ ಬೇರೆ. ಭೀಮೆ ಕೃಷ್ಣೆಯನ್ನು ಕೂಡುತ್ತಾಳೆ, ಕೃಷ್ಣೆ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಸೇರುತ್ತಾಳೆ. ನಡುವಿನ ಅಣೆಕಟ್ಟುಗಳು ಹಿಡಿದಿಟ್ಟುಕೊಂಡು ಉಳಿದದ್ದು ಕಡಲ ಪಾಲು. ಎಂದಮೇಲೆ ಸಮುದ್ರದ ತಳವೆಂಬುದು ಯಾವನೋ ಒಬ್ಬ ರೈತನ ಹೊಲದಿಂದ ಕೊಚ್ಚಿಹೋದ ಮಣ್ಣೇ ಆಗಿದೆ.

ಆ ಮಣ್ಣಿನಲ್ಲಿಯೂ ಒಕ್ಕಲುತನ ನಡೆದಿರುತ್ತದೆ. ನಮ್ಮ ಎರೆಹುಳುವಿನ ದೂರದ ಬಂಧುಗಳಾದ ಹುಳುಗಳು, ಚಿಪ್ಪಿನ ಜೀವಿಗಳು, ನಕ್ಷತ್ರದಂತಹ ಪ್ರಾಣಿಗಳು, ಸಣ್ಣ ಏಡಿಗಳು ಅಲ್ಲಿ ಬಿಲ ಕೊರೆದು ಬಾಳುತ್ತವೆ. ಅವುಗಳ ಬಿಲಗಳ ಮೂಲಕವೇ ನೀರೂ ಆಮ್ಲಜನಕವೂ ಕೆಸರಿನೊಳಕ್ಕೆ ಇಳಿಯುವುದು. ಮೇಲಿನಿಂದ ಬಿದ್ದ ಕೊಳೆತ ಪದಾರ್ಥವನ್ನು ತಿಂದು, ಕಲಸಿ, ಹೂತಿಟ್ಟು, ಮತ್ತೆ ಗೊಬ್ಬರವಾಗಿ ನೀರಿಗೆ ಬಿಡುವುದು ಈ ಜೀವಿಗಳ ನಿತ್ಯದ ಕೆಲಸ. ತಳದ ಮೀನು ಮೇಯುವುದು ಇವುಗಳನ್ನೇ. ಹಾಗಾಗಿ ಹುಳು ಹೋದರೆ ಮೀನಿನ ಮೇವು ಹೋಯಿತೆಂದೇ ತಿಳಿಯಬೇಕು.

ಬಲೆ ಹಾದುಹೋದಾಗ ಮೂರು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಮೊದಲನೆಯದಾಗಿ ಬಿಲಗಳು ಮುಚ್ಚಿ, ಅಲ್ಲಿನ ಜೀವಿಗಳಲ್ಲಿ ಒಂದು ಪಾಲು ಸಾಯುತ್ತದೆ. ಎರಡನೆಯದಾಗಿ ನುಣುಪಾದ ಕೆಸರು ಹೊಗೆಯಂತೆ ಮೇಲೆದ್ದು ನೀರಿನ ಸೆಳೆತದೊಡನೆ ಬೇರೆಡೆಗೆ ಹೋಗುತ್ತದೆ. ಸಾರವಿರುವುದು ಈ ನುಣುಪಾದ ಭಾಗದಲ್ಲಿಯೇ ಆದುದರಿಂದ ಹಿಂದುಳಿಯುವುದು ಬಡವಾದ ಒರಟು ನೆಲ. ಮುಂಗಾರಿನ ರಭಸಕ್ಕೆ ಹೊಲದ ಮೇಲ್ಮಣ್ಣು ಕೊಚ್ಚಿಹೋಗಿ ಗರಸು ಉಳಿಯುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರನೆಯದಾಗಿ ಕೆಸರಿನಲ್ಲಿ ಹೂತಿದ್ದ ಸಾರ ಪದಾರ್ಥ ಒಮ್ಮೆಲೇ ನೀರಿನಲ್ಲಿ ಕದಡಿ, ಕೊಳೆಯುವಾಗ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ನಮ್ಮ ಅರಬ್ಬೀ ಸಮುದ್ರಕ್ಕೆ ಇದು ಸಣ್ಣ ಮಾತಲ್ಲ. ಮಳೆಗಾಲದ ಕಡೆಯಲ್ಲಿ ಆಮ್ಲಜನಕ ಕಡಿಮೆಯಾದ ನೀರು ಆಳದಿಂದ ಕರಾವಳಿಯ ಕಡೆಗೆ ಏರಿಬರುತ್ತದೆ. ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಇದನ್ನು ವರ್ಷಾನುವರ್ಷ ಅಳೆದು ತೋರಿಸಿದ್ದಾರೆ. ತಳದ ಜೀವಿಗಳು ಉಸಿರಿಗೆ ಪರದಾಡುವ ಆ ತಿಂಗಳುಗಳಲ್ಲಿಯೇ, ಆಗಸ್ಟ್ 1ರಂದು, ದೋಣಿಗಳು ಮತ್ತೆ ಬಲೆಯಿಳಿಸುತ್ತವೆ.

ಇವೆಲ್ಲ ಅಂದಾಜಿನ ಮಾತುಗಳಲ್ಲ. 2017ರಲ್ಲಿ ಹಿಡ್ಡಿಂಕ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಜಗತ್ತಿನ ಹಲವು ಕಡೆಯ ಪರೀಕ್ಷೆಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಹಲಗೆ ಕಟ್ಟಿದ ಟ್ರಾಲ್ ಬಲೆ ಸರಾಸರಿ 2.4 ಸೆಂಟಿಮೀಟರ್ ಆಳಕ್ಕೆ ಇಳಿದು, ಒಂದು ಸಲ ಹಾದುಹೋದಾಗ ತಳದ ಜೀವರಾಶಿಯ ಸುಮಾರು ನೂರಕ್ಕೆ 6 ಪಾಲನ್ನು ಕಳೆಯುತ್ತದೆ. ಆರೇ ಅಲ್ಲವೆ ಎನ್ನಬಹುದು. ಆದರೆ ಚೇತರಿಸಿಕೊಳ್ಳಲು ಬಿಡದೆ ಒಂದೇ ಜಾಗದಲ್ಲಿ ಹತ್ತು ಸಲ ಎಳೆದರೆ ನೂರು ಇದ್ದದ್ದು 54ಕ್ಕೆ ಇಳಿಯುತ್ತದೆ. ಅರ್ಧಕ್ಕಿಳಿದ ಜೀವರಾಶಿ ಮತ್ತೆ ಮೊದಲಿನ ಸ್ಥಿತಿಯ ಸಮೀಪಕ್ಕೆ ಬರಲು 1.9ರಿಂದ 6.4 ವರ್ಷ ಬೇಕೆಂದು ಅದೇ ಅಧ್ಯಯನ ಹೇಳುತ್ತದೆ. ನಾವು ಕೊಡುತ್ತಿರುವ ವಿಶ್ರಾಂತಿ 61 ದಿನ. ಅದು ಮೀನಿನ ಬಾಣಂತನಕ್ಕೆ ಕೊಟ್ಟ ರಜೆ. ಮಣ್ಣಿಗೆ ಕೊಟ್ಟ ರಜೆಯಲ್ಲ.

ಸ್ಪೇನ್ ದೇಶದ ಪಲಮೋಸ್ ಬಂದರಿನ ಹತ್ತಿರ ಸಮುದ್ರದೊಳಗೆ ಒಂದು ಆಳವಾದ ಕಣಿವೆಯಿದೆ. ದಶಕಗಳ ಕಾಲ ಟ್ರಾಲ್ ಬಲೆ ಎಳೆದುದರಿಂದ ಅದರ ಇಳಿಜಾರಿನ ಸಹಜವಾದ ಏರುತಗ್ಗುಗಳೆಲ್ಲ ಸವೆದು ಉತ್ತ ಹೊಲದಂತೆ ಸಪಾಟಾಗಿವೆಯೆಂದು 2012ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅವರು ಆ ಲೇಖನಕ್ಕೆ ಇಟ್ಟ ಹೆಸರಿನಲ್ಲಿಯೇ ಉಳುಮೆ ಎಂಬ ಅರ್ಥದ ಶಬ್ದವಿದೆ. ಎರಡು ವರ್ಷದ ನಂತರ ಅದೇ ಪ್ರದೇಶದ ಕೆಸರನ್ನು ಪರೀಕ್ಷಿಸಿದಾಗ, ಬಲೆ ಮುಟ್ಟದ ನೆಲಕ್ಕಿಂತ ಬಲೆಯೆಳೆದ ನೆಲದಲ್ಲಿ ಸಾರ ಪದಾರ್ಥ ನೂರಕ್ಕೆ 52ರವರೆಗೂ, ಅತಿ ಸಣ್ಣ ಜೀವಿಗಳ ಸಂಖ್ಯೆ ನೂರಕ್ಕೆ 80ರಷ್ಟೂ ಕಡಿಮೆಯಾಗಿದ್ದುವು.

ಇನ್ನೊಂದು ಪಕ್ಷದ ವಾದವನ್ನೂ ಹೇಳುವುದು ನ್ಯಾಯ. ಎಲ್ಲ ತಳವೂ ಒಂದೇ ಬಗೆಯದಲ್ಲ. ಅಲೆಗಳು ತಾವೇ ಕಲಕುವ ಆಳವಿಲ್ಲದ ಮರಳುನೆಲ ಬೇಗ ಚೇತರಿಸಿಕೊಳ್ಳುತ್ತದೆ. ಆಳದ ಕೆಸರುನೆಲ ತಡಮಾಡುತ್ತದೆ. ತಳ ಕೆದಕುವುದರಿಂದ ವರ್ಷಕ್ಕೆ ಸುಮಾರು 147 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹುಟ್ಟಬಹುದೆಂದು 2021ರಲ್ಲಿ ಒಂದು ಅಧ್ಯಯನ ಹೇಳಿದಾಗ ಜಗತ್ತೆಲ್ಲ ಬೆಚ್ಚಿತು. 2023ರಲ್ಲಿ ಬೇರೆ ವಿಜ್ಞಾನಿಗಳು ಆ ಅಂಕಿ ಬಹಳ ಹೆಚ್ಚಾಯಿತೆಂದು ಆಕ್ಷೇಪಿಸಿದರು. ವಾದ ಇನ್ನೂ ತೀರಿಲ್ಲ. ಆದುದರಿಂದ ಆ ಒಂದು ಅಂಕಿಯ ಮೇಲೆ ನಾನು ಮನೆ ಕಟ್ಟಲಾರೆ. ಆದರೆ ಹುಳು ಸಾಯುವುದರಲ್ಲಿ, ಸಾರ ಹೋಗುವುದರಲ್ಲಿ ಅಂತಹ ವಿವಾದವಿಲ್ಲ.

ಇದು ಹೊಸ ದೂರೂ ಅಲ್ಲ. ಇಂಗ್ಲೆಂಡಿನಲ್ಲಿ 1376ರಷ್ಟು ಹಿಂದೆಯೇ ಇಂತಹುದೇ ಒಂದು ಬಲೆಯ ಮೇಲೆ ಮೂರನೆಯ ಎಡ್ವರ್ಡ್ ದೊರೆಗೆ ಅಹವಾಲು ಹೋಗಿತ್ತು. ನೀರಡಿಯ ನೆಲದ ಸಸ್ಯ, ಚಿಪ್ಪುಗಳೆಲ್ಲ ಹಾಳಾಗುತ್ತವೆ, ಸಣ್ಣ ಮೀನು ರಾಶಿರಾಶಿಯಾಗಿ ಸಿಕ್ಕಿ ಹಂದಿಗಳಿಗೆ ಮೇವಾಗುತ್ತಿದೆ ಎಂಬುದು ಆ ದೂರಿನ ಸಾರ. ಆರೂವರೆ ಶತಮಾನ ಕಳೆದ ಮೇಲೆ ನಮ್ಮ ಕರಾವಳಿಯಲ್ಲಿ ತಿನ್ನಲು ಬಾರದ ಸಣ್ಣ ಮೀನು ಮೀನುಹಿಟ್ಟಿನ ಕಾರ್ಖಾನೆಗೆ ಹೋಗಿ ಕೋಳಿಗೂ ಸಾಕುಮೀನಿಗೂ ಆಹಾರವಾಗುತ್ತಿದೆ.

ನಮ್ಮ ನಾಡಿನ ಚರಿತ್ರೆಯೂ ನೆನಪಿಡತಕ್ಕದ್ದು. ಮೊದಲು ಕರಾವಳಿಯಲ್ಲಿ ರಂಪಣಿ ಬಲೆಯಿತ್ತು. ದಡದಿಂದ ಹತ್ತಾರು ಜನ ಕೂಡಿ ಎಳೆಯುತ್ತಿದ್ದ ಬಲೆ. ಬಂದದ್ದನ್ನು ಪಾಲಿನ ಮೇಲೆ ಹಂಚಿಕೊಳ್ಳುತ್ತಿದ್ದರು. ಕೇರಳದಲ್ಲಿ 1952ರ ಒಪ್ಪಂದದಿಂದ ಆರಂಭವಾದ ನಾರ್ವೆ ದೇಶದ ಸಹಕಾರದ ಯೋಜನೆ ಪಶ್ಚಿಮ ಕರಾವಳಿಗೆ ಯಂತ್ರದೋಣಿಗಳ ದಾರಿ ತೋರಿಸಿತು. ಸಿಗಡಿಗೆ ಹೊರದೇಶದಲ್ಲಿ ಬೆಲೆ ಬಂದಂತೆ ಟ್ರಾಲ್ ಬೋಟುಗಳು ಹೆಚ್ಚಿದುವು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದು ರಂಪಣಿಯನ್ನು ಮೂಲೆಗೆ ತಳ್ಳಿತು. 1986ರಲ್ಲಿ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆಯಾಯಿತು. ಎರಡು ದೋಣಿಗಳು ಕೂಡಿ ಒಂದೇ ಬಲೆಯೆಳೆಯುವ ಬುಲ್ ಟ್ರಾಲಿಂಗನ್ನೂ ಬೆಳಕು ಬಿಟ್ಟು ಮೀನು ಹಿಡಿಯುವುದನ್ನೂ 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ನಿಷೇಧಿಸಿತು. ಇನ್ನೂ ಮುಂದೆ ಹೋದ ದೇಶಗಳಿವೆ. ಹಾಂಗ್‌ಕಾಂಗ್ 2012ರ ಕೊನೆಯ ದಿನದಿಂದ ತನ್ನ ನೀರಿನಲ್ಲಿ ಟ್ರಾಲ್ ಬಲೆಯನ್ನು ಪೂರ್ಣವಾಗಿ ನಿಲ್ಲಿಸಿತು. 2017ರಲ್ಲಿ ಶ್ರೀಲಂಕಾ ತಳಕೆರೆಯುವ ಬಲೆಯನ್ನು ನಿಷೇಧಿಸಿತು.

ಇಷ್ಟು ತಿಳಿದುಕೊಂಡು ದೀಪಾವಳಿಯ ರಜೆಯಲ್ಲಿ ಊರಿಗೆ ಹೋದೆ. ಅಣ್ಣನೂ ಎರಡು ದಿನಕ್ಕೆಂದು ಬಂದಿದ್ದ. ಊಟವಾದ ಮೇಲೆ ನನ್ನ ಟಿಪ್ಪಣಿಯನ್ನು ಓದಿ ಹೇಳಿದೆ. ಎಲ್ಲವನ್ನೂ ಕೇಳಿ ಅಪ್ಪನೇ ಮೊದಲು ಬಾಯಿಬಿಟ್ಟ: “ನಾವೂ ಹರಗತೀವಿ, ಖರೆ. ಹರಗಿದ ಮ್ಯಾಲ ಗೊಬ್ಬರ ಹಾಕತೀವಿ, ಬಿತ್ತತೀವಿ. ಒಡ್ಡು ಹಾಕತೀವಿ. ಅಲ್ಲಿ ಬಿತ್ತೋರು ಯಾರು?”

ಅಣ್ಣ ತಡಮಾಡದೆ ಉತ್ತರಿಸಿದ: “ಬಿತ್ತಾಕ ಅದೇನ್ ನಮ್ಮ ಹೊಲ ಅದ ಏನಪ್ಪಾ? ಇವತ್ತ ನಾ ಬಲಿ ಎತ್ತಿದ್ರ ನಾಳಿ ಮತ್ತೊಬ್ಬ ಇಳಸ್ತಾನ. ಬಿಟ್ಟಾಂವ ಮನಿಗೆ ಹೋಗ್ತಾನ, ಸಮುದ್ರ ಉಳಿಯಾಂಗಿಲ್ಲ.”

ಅರ್ಥಶಾಸ್ತ್ರದ ತರಗತಿಯಲ್ಲಿ ಒಂದು ವಾರ ಕೇಳಿದ ಪಾಠವನ್ನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ಎರಡು ಮಾತಿನಲ್ಲಿ ಹೇಳಿ ಕುಳಿತ. ಎಲ್ಲರಿಗೂ ಸೇರಿದ ಸಂಪತ್ತನ್ನು ಯಾರೂ ಕಾಯುವುದಿಲ್ಲವೆಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿದ್ದು ಇದನ್ನೇ. ಆದರೆ ಆ ಮಾತು ಪೂರ್ಣ ಸತ್ಯವಲ್ಲವೆಂದು, ಜನರೇ ಕೂಡಿ ಕಟ್ಟಳೆ ಮಾಡಿಕೊಂಡು ಕೆರೆ, ಕಾಡು, ಮೀನುಗಾರಿಕೆಗಳನ್ನು ಕಾಪಾಡಿಕೊಂಡ ನಿದರ್ಶನಗಳನ್ನು ಎಲಿನರ್ ಆಸ್ಟ್ರಮ್ ಸಂಗ್ರಹಿಸಿದರು; 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಬಂತು. ಕೆರೆಯ ನೀರಿಗೆ ಸರದಿ ಹಾಕಿಕೊಂಡು ಬಾಳಿದ ನಾಡಿನವರಿಗೆ ಇದು ಅಪರಿಚಿತವಾದ ವಿಚಾರವೇನೂ ಅಲ್ಲ. ಕಡಲ ತಳದಲ್ಲಿಯೂ ಕೆಲವು ಭಾಗಗಳನ್ನು ನಾಲ್ಕಾರು ವರ್ಷ ಬೀಳುಬಿಡಬಹುದು. ಹಲಗೆ, ಸರಪಳಿಗಳನ್ನು ಹಗುರಮಾಡಬಹುದು. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ರೂಪಿಸಿರುವ ಚೌಕಕಣ್ಣಿನ ಚೀಲದಿಂದ ಮರಿಮೀನು ತಪ್ಪಿಸಿಕೊಳ್ಳುವಂತೆ ಮಾಡಬಹುದು. ದೋಣಿಗಳ ಸಂಖ್ಯೆಗೆ ಮಿತಿ ಹಾಕಬಹುದು. ಹಾಗೆ ಮಿತಿ ಹಾಕುವ ದಿನ ಮೊದಲು ಕೆಲಸ ಕಳೆದುಕೊಳ್ಳುವವನು ದೋಣಿಯ ಯಜಮಾನನಲ್ಲ, ದೂರದ ಊರಿನಿಂದ ಬಂದ ಕಲಾಸಿ ಎಂಬುದನ್ನು ಮಾತ್ರ ಕಾಯಿದೆ ಬರೆಯುವವರು ಮರೆಯಕೂಡದು. ಬಲೆ ನಿಲ್ಲಲಿ ಎಂದು ಹೇಳುವುದು ನನಗೆ ಸುಲಭವಲ್ಲ. ಅದೇ ಬಲೆಯ ದುಡ್ಡಿನಿಂದ ನಾನು ಈ ಪರೀಕ್ಷೆಗೆ ಕುಳಿತುಕೊಳ್ಳುತ್ತಿದ್ದೇನೆ.

ಇನ್ನು ಅಣ್ಣನ ಪ್ರಶ್ನೆಗೆ ನನ್ನ ಉತ್ತರ. ಎಕರೆ ಮಾರಬಾರದು. ಕಾರಣ ಮೂರು. ನಾವು ಕೊಳ್ಳಹೊರಟಿರುವುದು ಹಳೆಯ ದೋಣಿಯ ಹಲಗೆ, ಯಂತ್ರಗಳ ಪಾಲನ್ನಲ್ಲ. ಆ ದೋಣಿಯ ಕೆಳಗಿರುವ ಕೆಸರಿನ ಪಾಲನ್ನು. ಆ ಕೆಸರು ವರ್ಷಕ್ಕೆ ಹತ್ತು ತಿಂಗಳು ಬಿಡುವಿಲ್ಲದೆ ಸವೆಯುತ್ತಿದೆ. ಎರಡನೆಯದಾಗಿ, ತಳ ಬಡವಾದಷ್ಟೂ ದೋಣಿ ಹೆಚ್ಚು ದೂರ, ಹೆಚ್ಚು ದಿನ ಹೋಗಬೇಕು. ಡೀಸೆಲ್, ಮಂಜುಗಡ್ಡೆಗಳ ಖರ್ಚು ಪಾಲುಗಾರನ ಮೇಲೆಯೇ ಬೀಳುವುದು. ಮೂರನೆಯದಾಗಿ, ಕಲಾಸಿ ನಾಳೆ ಬೇರೆ ಕೆಲಸಕ್ಕೆ ಹೋಗಬಲ್ಲ. ಪಾಲುಗಾರನಾದವನು ಸಾಲಕ್ಕಾಗಿಯಾದರೂ ಅದೇ ಬಲೆಯನ್ನು ಎಳೆಯುತ್ತಲೇ ಇರಬೇಕಾಗುತ್ತದೆ. ಬೇಡವೆಂದು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಆದಕಾರಣ, ಪದವಿಯಾದ ಮೇಲೆ ನನಗೆ ಯಾವ ಕೆಲಸ ಸಿಕ್ಕಿದರೂ ಮೊದಲ ಮೂರು ವರ್ಷದ ಸಂಬಳದಲ್ಲಿ ಅರ್ಧ ಅಣ್ಣನದು. ಅದರಲ್ಲಿ ಅವನು ಹೊಲಕ್ಕೆ ಬಾವಿ ತೋಡಲಿ, ಕುರಿ ಕಟ್ಟಲಿ, ಅಂಗಡಿ ಇಡಲಿ. ಅದು ಅವನಿಗೆ ಬಿಟ್ಟದ್ದು.

ಅವನು ಒಪ್ಪುವನೆಂಬ ಭರವಸೆ ನನಗಿಲ್ಲ. ಮಾತು ಕೊಡುವುದಕ್ಕೆ ಜೂನ್ ತಿಂಗಳವರೆಗೆ ಸಮಯವಿದೆ. ಈ ಸಂಚಿಕೆ ಅಚ್ಚಾಗಿ ಬಂದಾಗ ಒಂದು ಪ್ರತಿಯನ್ನು ಅವನಿಗಾಗಿ ತೆಗೆದಿಡುವೆನು. ನಿಧಾನವಾಗಿಯಾದರೂ ಅವನು ಓದಬಲ್ಲನು. ತಿಳಿಯದ ಕಡೆ ಕೇಳುವನು, ಸರಿಯಲ್ಲದ ಕಡೆ ಬಯ್ಯುವನು. ನಮ್ಮ ಕಾಲೇಜಿನಲ್ಲಿ ಅಣ್ಣನನ್ನೋ ಅಪ್ಪನನ್ನೋ ಮಂಗಳೂರು, ಮಲ್ಪೆಗಳಿಗೆ ಕಳುಹಿಸಿ ಓದುತ್ತಿರುವವನು ನಾನೊಬ್ಬನೇ ಆಗಿರಲಾರೆ. ಅಂತಹ ಮಿತ್ರರು ಇದನ್ನು ತಮ್ಮ ಮನೆಯಲ್ಲಿಯೂ ಓದಿ ಹೇಳಿ, ಅಲ್ಲಿಯವರು ಏನೆಂದರೆಂಬುದನ್ನು ನನಗೆ ತಿಳಿಸಿದರೆ ಉಪಕಾರವಾಗುವುದು.